ವರ್ಡ್ ಒಳಗೆ ಕೂತಿರುವ ಆಂಟಿವೈರಸ್ ಆಡ್-ಇನ್ ಬೇಕಾ, ತೆಗೆದುಬಿಡಲಾ?

ಡಿಟಿಪಿ ಕಾಯಕ:
ನಮ್ಮದು ಕಾಲೇಜಿನ ಎದುರು ಜೆರಾಕ್ಸ್, ಡಿಟಿಪಿ ಅಂಗಡಿ. ದಿನವಿಡೀ ಯಾರಾದರೂ ಪೆನ್‌ಡ್ರೈವ್ ಹಿಡ್ಕೊಂಡು ಬರ್ತಾನೇ ಇರುತ್ತಾರೆ, ಪ್ರಾಜೆಕ್ಟ್ ರಿಪೋರ್ಟು, ಬಯೋಡೇಟಾ, ಲಗ್ನಪತ್ರಿಕೆ. ಕಂಪ್ಯೂಟರಿನಲ್ಲಿ ಇರುವುದು ಆಫೀಸ್ 2010. ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ವರ್ಡ್ ಒಳಗೂ ತನ್ನದೊಂದು ಆಡ್-ಇನ್ (ವರ್ಡ್‌ಗೆ ಅಂಟಿಕೊಂಡು ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಸೇರಿಸಿಕೊಂಡಿದೆ. ಯಾವ ಫೈಲ್ ತೆರೆದರೂ ಕೆಳಗೆ ವೈರಸ್ ಸ್ಕ್ಯಾನ್ ಅಂತ ತೋರಿಸಿ ಸುಮ್ನೆ ನಿಂತುಬಿಡುತ್ತದೆ, ಚಿತ್ರ ಜಾಸ್ತಿ ಇರುವ ರಿಪೋರ್ಟ್ ಆದರಂತೂ ಕೇಳಲೇಬೇಡಿ, ಕ್ಯೂನಲ್ಲಿ ನಿಂತವರೆಲ್ಲ ನನ್ನ ಮುಖವೇ ನೋಡುತ್ತಾರೆ. ತೆಗೆದರೆ ತೊಂದರೆ ಆಗುತ್ತಾ?

ಹಳೇ ಕೀಬೋರ್ಡ್:
ತೆಗೀರಿ. ಆಂಟಿವೈರಸ್ ಅಲ್ಲ, ಆಡ್-ಇನ್ ಮಾತ್ರ. ಆಂಟಿವೈರಸ್‌ನ ರಿಯಲ್-ಟೈಮ್ ಕಾವಲು ಆನ್ ಇದ್ದರೆ, ಫೈಲ್ ತೆರೆಯುವಾಗಲೇ ಅದು ನೋಡಿರುತ್ತದೆ. ತೆರೆದದ್ದು ವರ್ಡೋ ಬೇರೆಯದೋ, ಅದಕ್ಕೆ ಸಂಬಂಧವಿಲ್ಲ. ನೋಡಿದ್ದನ್ನೇ ಆಡ್-ಇನ್ ಮತ್ತೆ ನೋಡುತ್ತದೆ ಅಷ್ಟೇ.

ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ. ಕೆಳಗೆ ಮ್ಯಾನೇಜ್ ಅನ್ನುವಲ್ಲಿ ಕಾಮ್ ಆಡ್-ಇನ್ಸ್ ಆರಿಸಿ ಗೋ ಒತ್ತಿ, ಅದರ ಟಿಕ್ ತೆಗೆಯಿರಿ. ಅಲ್ಲಿ ಕಾಣಿಸದಿದ್ದರೆ ಆಂಟಿವೈರಸ್‌ನ ಸೆಟ್ಟಿಂಗ್ಸ್‌ನಲ್ಲೇ ಆಫೀಸ್ ಫೈಲ್‌ಗಳ ಬಗ್ಗೆ ಏನಿದೆ ನೋಡಿ.

ಇದು ಹುಟ್ಟಿದ ಕಾಲದಲ್ಲಿ ಬೇಕಿತ್ತು, ಇಲ್ಲ ಅನ್ನಲ್ಲ. 1995ರಲ್ಲಿ ಕಾನ್ಸೆಪ್ಟ್ ಅನ್ನೋ ಮ್ಯಾಕ್ರೋ ವೈರಸ್ ಬಂದಾಗ ವರ್ಡ್ ಯಾರನ್ನೂ ಕೇಳದೆ ಮ್ಯಾಕ್ರೋ, ಅಂದರೆ ಫೈಲ್ ಒಳಗೇ ಇರುವ ಪುಟ್ಟ ಪ್ರೋಗ್ರಾಂ, ಓಡಿಸುತ್ತಿತ್ತು, ಒಂದು ಫೈಲ್ ತೆರೆದರೆ ಸಾಕು, ವರ್ಡ್‌ನ ಹೊಸ ಫೈಲ್‌ಗಳಿಗೆಲ್ಲ ಅಚ್ಚಾಗಿರುವ ನಾರ್ಮಲ್ ಟೆಂಪ್ಲೇಟ್‌ಗೇ ಹತ್ತಿಕೊಂಡುಬಿಡುತ್ತಿತ್ತು. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ಇನ್ನೂ ಕಿಲಾಡಿ: ಔಟ್‌ಲುಕ್ ವಿಳಾಸ ಪಟ್ಟಿಯ ಮೊದಲ 50 ವಿಳಾಸಕ್ಕೆ ತಾನೇ ಮೇಲ್ ಕಳಿಸುತ್ತಿತ್ತು. ಈಗ ಮ್ಯಾಕ್ರೋ ಮೊದಲೇ ಆಫ್ ಇರುತ್ತದೆ. 2022ರಿಂದ ಹೊಸ ಆಫೀಸ್‌ಗಳು ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋವನ್ನು ಪೂರ್ತಿ ತಡೆಯುತ್ತವೆ.

ಬಿಸಿಬಿಸಿ ಬೋಂಡ:
ಕೊನೇ ಮಾತು ಇವರ ಅಂಗಡಿಗೆ ಅನ್ವಯಿಸಲ್ಲ ಅಲ್ವಾ? 2010ಕ್ಕೆ ಆ ತಡೆ ಬಂದೇ ಇಲ್ಲ. ಬಂದಿದ್ದರೂ ಅಷ್ಟೇ. ಇಂಟರ್‌ನೆಟ್‌ನಿಂದ ಬಂದದ್ದು ಅಂತ ವಿಂಡೋಸ್ ಹಾಕುವ ಗುರುತು ಎನ್‌ಟಿಎಫ್‌ಎಸ್ ಅನ್ನೋ ರೀತಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಮಾತ್ರ ಉಳಿಯುತ್ತದೆ, ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್ 32 ಅನ್ನೋ ಬೇರೆ ಫಾರ್ಮ್ಯಾಟ್, ಕಾಪಿ ಮಾಡಿದ ಕೂಡಲೇ ಗುರುತು ಮಾಯ. ಫೈಲನ್ನು ಓದಲು ಮಾತ್ರ ತೆರೆಯುವ ಪ್ರೊಟೆಕ್ಟೆಡ್ ವ್ಯೂ ಕೂಡ ಹೆಚ್ಚಾಗಿ ಆ ಗುರುತನ್ನೇ ನಂಬಿಕೊಂಡಿರುವುದು. ಇವರಿಗೆ ಉಳಿಯುವುದು ಮ್ಯಾಕ್ರೋ ಇದೆ ಅಂತ ಫೈಲ್ ಮೇಲ್ಗಡೆ ಬರುವ ಹಳದಿ ಪಟ್ಟಿ ಒಂದೇ. ಅದರಲ್ಲಿ ಎನೇಬಲ್ ಕಂಟೆಂಟ್ ಅಂತ ಬಂದರೆ ಅಂಗಡಿ ಹುಡುಗರು ಒತ್ತಬಾರದು. ಪ್ರಿಂಟ್ ತೆಗೆಯೋಕೆ ಮ್ಯಾಕ್ರೋ ಯಾಕೆ ಬೇಕು ಹೇಳಿ?

ಮ್ಯಾಕ್ರೋ ಇಲ್ಲದೆಯೂ ಬರುವ ಕಾಟ ಬೇರೆ ಇದೆ. ಆಫೀಸ್‌ನಲ್ಲಿ ಗಣಿತದ ಸಮೀಕರಣ ಬರೆಯೋಕೆ ಇದ್ದ ಹಳೇ ಈಕ್ವೇಶನ್ ಎಡಿಟರ್‌ನಲ್ಲಿ ತೂತು ಸಿಕ್ಕಿ 2017ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು, 2018ರ ಜನವರಿಯಲ್ಲಿ ಆ ಎಡಿಟರನ್ನೇ ಕಿತ್ತುಹಾಕಿತು. ಅಪ್‌ಡೇಟ್ ಹಾಕದ ಮೆಷಿನ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ನಾನಾದರೆ ಆಡ್-ಇನ್ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ, 2020ರ ಅಕ್ಟೋಬರ್‌ಗೇ ಅಪ್‌ಡೇಟ್ ನಿಂತುಹೋದ ಆಫೀಸ್ ಬಗ್ಗೆ ಕೆಡಿಸಿಕೊಳ್ಳುತ್ತೇನೆ.

ಡಿಟಿಪಿ ಕಾಯಕ:
ಟಿಕ್ ತೆಗೆದೆ, ಫೈಲ್ ಈಗ ಪಟ್ ಅಂತ ತೆರೆಯುತ್ತಿದೆ. ಇಬ್ಬರಿಗೂ ಥ್ಯಾಂಕ್ಸ್. ಆದರೆ ಹೊಸ ಆಫೀಸ್‌ಗೆ ಈಗ ದುಡ್ಡು ಹೊಂದಿಸೋದು ಕಷ್ಟ. ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಸಾಕಾಗುತ್ತಾ? ನುಡಿಯಲ್ಲಿ ಟೈಪ್ ಮಾಡಿದ ಫೈಲ್‌ಗಳೇ ಜಾಸ್ತಿ ಬರೋದು.

ಬಿಸಿಬಿಸಿ ಬೋಂಡ:
ಸಾಕು. ನುಡಿ ಫಾಂಟ್ ಸಿಸ್ಟಮ್‌ನಲ್ಲಿ ಇದ್ದರೆ ಅಕ್ಷರ ಸರಿಯಾಗೇ ಕಾಣುತ್ತದೆ. ಟೇಬಲ್, ಪುಟದ ಅಂಚು ಮಾತ್ರ ಒಮ್ಮೊಮ್ಮೆ ಜಾರುತ್ತದೆ, ಪ್ರಿಂಟ್ ಕೊಡುವ ಮೊದಲು ಗಿರಾಕಿಗೆ ಒಮ್ಮೆ ತೋರಿಸಿಬಿಡಿ. ಪಿಡಿಎಫ್ ಮಾಡಿ ತನ್ನಿ ಅಂತ ಕೌಂಟರ್ ಮೇಲೊಂದು ಚೀಟಿ ಅಂಟಿಸಿದರೆ ಅರ್ಧ ತಲೆನೋವು ಕಡಿಮೆ.