ಅಯಸ್ಕಾಂತದ ಜಗ್ಗುವ ಗುಣ, ಜಗ್ಗದ ಗುಣ: ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ವಿರಳ ಭಸ್ಮ ಧಾತುಗಳ (ರೇರ್ ಅರ್ತ್) ಅಯಸ್ಕಾಂತದ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ಕೊಯರ್ಸಿವಿಟಿ’ಗೆ ಒಂದು ಒಳ್ಳೆಯ ಪದ ಬೇಕಾಗಿದೆ.

ಅಯಸ್ಕಾಂತ ಎಷ್ಟು ಬಲವಾಗಿ ಎಳೆಯುತ್ತದೆ ಎನ್ನುವುದು ಒಂದು ಗುಣ. ಎದುರು ದಿಕ್ಕಿನ ಕಾಂತಕ್ಷೇತ್ರ ಮೇಲೆ ಬಿದ್ದಾಗ ತನ್ನ ಕಾಂತತ್ವವನ್ನು ಎಷ್ಟರ ತನಕ ಬಿಟ್ಟುಕೊಡುವುದಿಲ್ಲ ಎನ್ನುವುದು ಬೇರೆಯೇ ಗುಣ. ಈ ಎರಡನೆಯದೇ ಕೊಯರ್ಸಿವಿಟಿ. ಇಲ್ಲಿನ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಎರಡಕ್ಕೂ ‘ಪವರ್’ ಅಂತಾರೆ. ರಿಪೇರಿಗೆ ಅದು ಸಾಕು, ಪಾಠಕ್ಕೆ ಸಾಲದು. ಯಾಕೆಂದರೆ ಒಂದು ಏರಿದಾಗ ಇನ್ನೊಂದು ಇಳಿಯಬಹುದು.

ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಅಯಸ್ಕಾಂತವನ್ನೇ ನೋಡಿ. 1980ರ ದಶಕದ ಮೊದಲಲ್ಲಿ ಇದನ್ನು ಇಬ್ಬರು ಬೇರೆ ಬೇರೆ ದಾರಿಯಲ್ಲಿ ಮಾಡಿದರು. ಜಪಾನಿನ ಮಸಾಟೊ ಸಗಾವಾ ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿ ಮಾಡಿದರು. ಅಮೆರಿಕದ ಜಾನ್ ಕ್ರೋಟ್ ಕರಗಿದ ಲೋಹವನ್ನು ಜೋರಾಗಿ ತಿರುಗುವ ಚಕ್ರದ ಮೇಲೆ ಚಿಮ್ಮಿಸಿ ಥಟ್ಟನೆ ತಣಿಸಿದರು. ಆಗ ಸಿಗುವ ತೆಳುವಾದ ಪಟ್ಟಿಯಲ್ಲಿ ಹರಳುಗಳು ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ದೊಡ್ಡ ಹರಳಿನ ಒಂದು ಮೂಲೆಯಲ್ಲಿ ಕಾಂತತ್ವ ತಿರುಗಿಬಿದ್ದರೆ ಇಡೀ ಹರಳೇ ತಿರುಗಿಬಿಡುತ್ತದೆ. ಸಣ್ಣ ಹರಳುಗಳಿದ್ದರೆ ಅದು ಸುಲಭವಾಗಿ ಹರಡುವುದಿಲ್ಲ, ಕೊಯರ್ಸಿವಿಟಿ ಜಾಸ್ತಿಯಾಗುತ್ತದೆ. ಹಾಗಂತ ತೀರಾ ಸಣ್ಣದಾದರೆ ಅಕ್ಕಪಕ್ಕದ ಹರಳುಗಳು ಒಂದಕ್ಕೊಂದು ಕೈಜೋಡಿಸುತ್ತವೆ. ಆಗ ಹೊರಗಿನ ಕಾಂತಕ್ಷೇತ್ರ ತೆಗೆದ ಮೇಲೂ ಉಳಿಯುವ ಕಾಂತತ್ವ, ಅಂದರೆ ಎಳೆಯುವ ಬಲ, ಏರುತ್ತದೆ, ಕೊಯರ್ಸಿವಿಟಿ ಇಳಿಯುತ್ತದೆ. ಬಿಸಿ ತಡೆಯಲಿ ಅಂತ ಡಿಸ್ಪ್ರೋಸಿಯಮ್ ಎಂಬ ಇನ್ನೊಂದು ವಿರಳ ಭಸ್ಮ ಧಾತು ಬೆರೆಸಿದರೆ ಇದರ ಉಲ್ಟಾ. ‘ಪವರ್’ ಒಂದನ್ನೇ ಇಟ್ಟುಕೊಂಡು ಇದನ್ನು ಹೇಳುವುದು ಹೇಗೆ?

ಮೊದಲು ಹೊಳೆದದ್ದು ‘ಜಗ್ಗದಿಕೆ’. ‘ಯಾರಿಗೂ ಜಗ್ಗಲ್ಲ’ ಅಂತೀವಲ್ಲ, ಅದೇ ಅರ್ಥ. ಆದರೆ ನಮ್ಮ ಕಡೆ ಜಗ್ಗು ಅಂದರೆ ಎಳೆ ಅಂತಲೂ ಹೌದು, ಹಗ್ಗ ಜಗ್ಗಾಟ ಇದೆಯಲ್ಲ. ‘ಜಗ್ಗದ ಅಯಸ್ಕಾಂತ’ ಅಂದರೆ ಕಬ್ಬಿಣ ಎಳೆಯದ ಅಯಸ್ಕಾಂತ ಅಂತ ವಿದ್ಯಾರ್ಥಿಗಳು ತಿಳಿದುಕೊಳ್ಳುತ್ತಾರೆ. ಇದು ಬೇಡ.

ನನಗೆ ತುಂಬಾ ಹಿಡಿಸಿರುವುದು ‘ಪಟ್ಟು’. ಪಟ್ಟು ಹಿಡಿಯುವುದು, ಪಟ್ಟು ಬಿಡದಿರುವುದು ಎಲ್ಲರಿಗೂ ಗೊತ್ತು. ತೊಡಕು ಬರುವುದು ಲೆಕ್ಕದಲ್ಲಿ. ‘ಪಟ್ಟು ಎರಡು ಪಟ್ಟಾಯಿತು’ ಅಂತ ಬರೆಯಬೇಕಾಗುತ್ತದೆ. ‘ಕಾಂತಪಟ್ಟು’ ಅಂತ ಜೋಡಿಸಿದರೆ ಸರಿಹೋಗುತ್ತದಾ? ಸಂಸ್ಕೃತ, ಕನ್ನಡ ಬೆರೆಸಿದ್ದಕ್ಕೆ ನನ್ನ ತಕರಾರಿಲ್ಲ.

ಗರಡಿಯ ಮಾತು ಬಲ್ಲವರು ಇಲ್ಲಿದ್ದರೆ ಅವರಿಗೆ ಇನ್ನೊಂದು ಪ್ರಶ್ನೆ. ಎದುರಾಳಿ ಎಷ್ಟು ತಿರುಚಿದರೂ ಮಗ್ಗುಲು ಬದಲಿಸದ ಪೈಲ್ವಾನನ ಆ ಗುಣಕ್ಕೆ ನೀವು ಏನಂತೀರಿ?