ಕಾಯಿ ಹಣ್ಣಾಗುವ ಆಟ, ಹಣ್ಣಾಗದ ಆಟ

ಎಲ್ಲರಿಗೂ ನಮಸ್ಕಾರ. ಇದು ನನ್ನ ತಂಗಿಯ ಮಗ ನೆನ್ನೆ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ. ಉಳಿದವರಿಗೆ ಪುರುಸೊತ್ತಿದ್ದರೆ ಕೇಳಿ, ಇಲ್ಲದಿದ್ದರೆ ಮುದ್ದೆ ಆರುವುದಕ್ಕೆ ಮುಂಚೆ ಊಟ ಮುಗಿಸಿಕೊಳ್ಳಿ. ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಹಾಗಾಗಿ ಹಾಳೆಯಲ್ಲಿ ಬರೆದುಕೊಂಡು ಓದುತ್ತಿದ್ದೇನೆ.

ಮಗು, ನೀನು ಕೇಳಿದ್ದು ಇಷ್ಟು: ಕಾಲೇಜಿನಲ್ಲಿ ದುರಾಸೆಯನ್ನು ಕುರಿತು ಸೆಮಿನಾರ್ ಕೊಡಬೇಕಾಗಿದೆ, ಧರ್ಮ ದುರಾಸೆಯನ್ನು ಬೈಯುತ್ತದೆ, ಆಟಗಳೂ ಸಿನಿಮಾಗಳೂ ಅದನ್ನೇ ಮಾರುತ್ತವೆ, ಹೀಗೆ ಬರೆದರೆ ಸಾಕಲ್ಲವೇ ದೊಡ್ಡಮ್ಮ ಎಂದು. ಸಾಲದು ಕಣಪ್ಪ. ಹಾಗೆ ಬರೆದರೆ ನಿನ್ನ ಮೇಷ್ಟರು ತಲೆಯಾಡಿಸಿ ಅಂಕ ಕೊಡಬಹುದು, ಆದರೆ ಲೋಭವೆಂದರೆ ಏನು ಎಂಬುದು ಮಾತ್ರ ನಿನಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ನನಗೆ ಅದು ಸ್ವಲ್ಪ ಗೊತ್ತಾದದ್ದು ಗ್ರಂಥಗಳಿಂದಲ್ಲ, ಕಳೆದ ದೀಪಾವಳಿಯ ರಾತ್ರಿ ನಮ್ಮ ಮನೆಯ ಹಾಲಿನಲ್ಲಿ ಹಾಸಿದ್ದ ಚಾಪೆಯ ಮೇಲೆ.

ಮೊಮ್ಮಕ್ಕಳಿಬ್ಬರು ಬಿಸಿನೆಸ್ ಆಟ ಆಡುತ್ತಿದ್ದರು. ದೊಡ್ಡವನಿಗೆ ಹನ್ನೊಂದು, ಚಿಕ್ಕವಳಿಗೆ ಏಳು. ಒಂದು ಗಂಟೆಯೊಳಗೆ ಮುಂಬೈ, ದೆಹಲಿ, ರೈಲ್ವೆ ಎಲ್ಲವೂ ಅವನ ಪಾಲಾದವು, ಅವಳ ಕೈಯಲ್ಲಿ ಉಳಿದದ್ದು ಎರಡು ಹಸಿರು ನೋಟು. ಅವಳ ಕಣ್ಣು ತುಂಬಿ, ಆಟ ಬಿಟ್ಟು ಏಳಲು ಹೊರಟಾಗ ಅವನು ಮಾಡಿದ ಕೆಲಸ ನೋಡು: ತನ್ನ ಕಂತೆಯಿಂದ ಐನೂರು ತೆಗೆದು ಅವಳ ಮುಂದಿಟ್ಟು, ‘ಸಾಲ ತಗೋ, ಆಮೇಲೆ ಕೊಡುವೆಯಂತೆ’ ಎಂದ. ಮತ್ತೆ ಅವಳು ಸೋತಳು, ಮತ್ತೆ ಐನೂರು. ಒಂದು ಚೀಟಿಯಲ್ಲಿ ಲೆಕ್ಕವನ್ನೂ ಬರೆಯುತ್ತಾ ಹೋದ. ನಿನ್ನ ಅಮ್ಮ ಅಡುಗೆಮನೆಯಿಂದ ನೋಡಿ, ‘ಎಷ್ಟು ಒಳ್ಳೆಯ ಅಣ್ಣ’ ಎಂದು ಮೆಚ್ಚಿಕೊಂಡಳು. ನನಗೆ ಮಾತ್ರ ಒಳಗೊಳಗೆ ಗಾಬರಿಯಾಯಿತು. ಗೆಲ್ಲಲು ಅವನಿಗೆ ಇನ್ನೇನೂ ಉಳಿದಿರಲಿಲ್ಲ, ಹಣ ಅವನಿಗೆ ಬೇಕಾಗಿಯೂ ಇರಲಿಲ್ಲ, ಅವಳು ಎದ್ದುಹೋದರೆ ಆಟ ಮುಗಿದುಬಿಡುತ್ತದೆ ಎಂಬುದೊಂದೇ ಅವನ ಸಂಕಟವಾಗಿತ್ತು.

ಈ ಆಟದ ಹುಟ್ಟಿನ ಕಥೆಯನ್ನು ನಿನ್ನ ಪ್ರಬಂಧದಲ್ಲಿ ಬಿಡಬೇಡ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬಾಕೆ 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಆಟಕ್ಕೆ ಪೇಟೆಂಟ್ ಪಡೆದಳು. ನೆಲವೆಲ್ಲ ಒಬ್ಬನ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂಬುದನ್ನು ಜನ ಆಡಿ ತಿಳಿಯಲಿ ಎಂಬುದು ಅವಳ ಆಸೆ. ಸಂಪತ್ತು ಬೆಳೆದಂತೆ ಎಲ್ಲರಿಗೂ ಪಾಲು ಸಿಗುವ ಇನ್ನೊಂದು ಬಗೆಯ ನಿಯಮವನ್ನೂ ಅವಳು ಮಾಡಿದ್ದಳು. ಜನರಿಗೆ ರುಚಿಸಿದ್ದು ಎಲ್ಲವನ್ನೂ ಒಬ್ಬನೇ ನುಂಗುವ ನಿಯಮ. ಮೊನಾಪಲಿ ಎಂಬ ಹೆಸರಿನಲ್ಲಿ ಅದನ್ನು ಮಾರಿದ ಪಾರ್ಕರ್ ಬ್ರದರ್ಸ್ ಕಂಪನಿ 1935ರಲ್ಲಿ ಅವಳ ಪೇಟೆಂಟನ್ನು ಕೊಂಡುಕೊಂಡದ್ದು ಕೇವಲ 500 ಡಾಲರಿಗೆ. ನಮ್ಮ ಬಿಸಿನೆಸ್ ಆಟ ಅದರದೇ ಮಾದರಿ. ದುರಾಸೆಗೆ ಬುದ್ಧಿ ಹೇಳಲು ಹೊರಟ ಆಟ ದುರಾಸೆಯ ಸರಕಾಗಿಬಿಟ್ಟಿತು.

ಆ ರಾತ್ರಿ ಚಾಪೆಯ ಪಕ್ಕದಲ್ಲಿ ಕುಳಿತಿದ್ದಾಗ, ಹಿಂದೆ ಜಗಲಿಯ ಮೇಲೆ ನಮ್ಮಜ್ಜಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದದ್ದು ನೆನಪಾಯಿತು. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ಅಲ್ಲಿಯೂ ಕ್ರೌರ್ಯ ಇಲ್ಲವೆಂದಲ್ಲ, ಎದುರಾಳಿಯ ಕಾಯಿಯನ್ನು ಒಂದಾದರೂ ಹೊಡೆಯದೆ ಒಳಮನೆಗೆ ಪ್ರವೇಶವೇ ಇಲ್ಲ. ಆದರೆ ನಡುಮನೆ ತಲುಪಿದ ಕಾಯಿಯನ್ನು ನಾವು ಏನೆನ್ನುತ್ತೇವೆ? ‘ಹಣ್ಣಾಯಿತು’ ಎನ್ನುತ್ತೇವೆ. ಹಣ್ಣಾದ ಕಾಯಿ ಮತ್ತೆ ಮನೆ ಸುತ್ತುವುದಿಲ್ಲ, ಯಾರನ್ನೂ ಹೊಡೆಯುವುದಿಲ್ಲ. ನಾಲ್ಕೂ ಹಣ್ಣಾದರೆ ಆಟಗಾರ ಎದ್ದು ಕಾಲು ಕೊಡವಿಕೊಂಡು ಎಮ್ಮೆಗೆ ಹುಲ್ಲು ಹಾಕಲು ಹೋಗುತ್ತಾನೆ. ನಾನು ಹೇಳಬೇಕೆಂದಿರುವುದು ಇದೊಂದನ್ನೇ: ಹೆಚ್ಚು ಬೇಕೆನ್ನುವುದನ್ನು ಲೋಭವೆನ್ನುವುದಕ್ಕಿಂತ, ಹಣ್ಣಾಗಲು ಒಪ್ಪದಿರುವುದನ್ನು ಲೋಭವೆನ್ನುವುದು ಸರಿ. ಈ ಅಳತೆಗೋಲು ಹಿಡಿದು ನೋಡಿದರೆ ಧರ್ಮ, ಆಟ, ಕಥೆ ಎಂಬ ನಿನ್ನ ಮೂರು ವಿಭಾಗಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ಮಹಾಭಾರತದ ಪಗಡೆಯನ್ನೇ ತೆಗೆದುಕೋ. ಧರ್ಮರಾಯನನ್ನು ಯಾರೂ ಲೋಭಿ ಎನ್ನುವುದಿಲ್ಲ. ಮೊದಲನೆಯ ಆಟದಲ್ಲಿ ಎಲ್ಲವನ್ನೂ ಸೋತ, ದ್ರೌಪದಿಗೆ ಸಿಕ್ಕ ವರದಿಂದ ಕಳೆದುಕೊಂಡದ್ದೆಲ್ಲ ತಿರುಗಿ ಬಂತು, ರಥವೇರಿ ಊರ ದಾರಿ ಹಿಡಿದ. ಅಲ್ಲಿಗೆ ಕಥೆ ಹಣ್ಣಾಗಿತ್ತು. ಆದರೂ ಕರೆ ಬಂದಾಗ ಅರ್ಧ ದಾರಿಯಿಂದ ಹಿಂದಿರುಗಿ ಮತ್ತೆ ಹಾಸಿನ ಮುಂದೆ ಕುಳಿತ. ಕರೆದರೆ ಒಲ್ಲೆನೆನ್ನುವುದು ಕ್ಷತ್ರಿಯನಿಗೆ ತಕ್ಕದ್ದಲ್ಲವೆಂದು ಕಾರಣ ಕೊಡುತ್ತಾರೆ, ಕೊಡಲಿ. ‘ಇನ್ನೊಂದೇ ಆಟ’ ಎನ್ನುವವರಿಗೆ ಕಾರಣ ಎಂದೂ ಕಡಿಮೆಯಾಗಿಲ್ಲ. ಇದಕ್ಕಿಂತ ಹಳೆಯದು ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಜೂಜುಗಾರನ ಅಳಲು. ಹೆಂಡತಿ ದೂರವಾದಳು, ಅತ್ತೆ ಸೇರಿಸುವುದಿಲ್ಲ, ಆದರೂ ದಾಳಗಳ ಸದ್ದು ಕೇಳಿದರೆ ಕಾಲು ನಿಲ್ಲದು ಎನ್ನುತ್ತಾನೆ ಆತ. ಕೊನೆಗೆ ಅವನಿಗೆ ಸಿಗುವ ಬುದ್ಧಿಮಾತು, ದಾಳವಾಡಬೇಡ, ಹೊಲ ಉಳು ಎಂದು.

ಈ ಮಾತನ್ನು ಪಾಠ ಹೇಳುವಾಗೆಲ್ಲ ನನಗೆ ನಗು ಬರುತ್ತಿತ್ತು, ಏಕೆಂದರೆ ಕೋಲಾರದ ಕಡೆ ಹೊಲ ಉಳುವುದೇ ದಾಳ ಹಾಕಿದಂತೆ. 2023ರ ಜುಲೈ ನಿಮಗೆಲ್ಲ ನೆನಪಿದೆ. ನಮ್ಮ ಎಪಿಎಂಸಿ ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ನಮ್ಮ ಮೈದುನನ ಅರ್ಧ ಎಕರೆಯಲ್ಲಿ ಬೆಳೆ ಇತ್ತು. ಹರಾಜು ಮುಗಿಸಿ ಬಂದು, ಲುಂಗಿಯ ಮಡಿಕೆಯಿಂದ ನೋಟಿನ ಕಟ್ಟು ತೆಗೆದು ದೇವರ ಮುಂದಿಟ್ಟಾಗ ಅವನ ಕೈ ನಡುಗುತ್ತಿತ್ತು. ಸಾಲ ತೀರಿಸಿದ, ಹಸುವಿಗೆ ಕೊಟ್ಟಿಗೆ ಕಟ್ಟಿಸಿದ, ಸಾಕು ಅಕ್ಕ ಎಂದ. ಸಾಲದು ಎಂದವಳು ನಾನು. ಈ ಸಲ ಎರಡು ಎಕರೆಗೂ ನಾಟಿ ಹಾಕಿಬಿಡು, ಊರುಗೋಲಿಗೂ ಗೊಬ್ಬರಕ್ಕೂ ನನ್ನ ಪೆನ್ಷನ್ನಿನಿಂದ ಕೊಡುತ್ತೇನೆ ಎಂದೆ. ಸೆಪ್ಟೆಂಬರಿನ ಹೊತ್ತಿಗೇ ಬೆಲೆ ಪಾತಾಳ ಕಂಡಿತು. ನಮ್ಮ ಬೆಳೆ ಕೈಗೆ ಬಂದಾಗ ಕೀಳುವ ಕೂಲಿಯೂ ಹುಟ್ಟಲಿಲ್ಲ. ಗಿಡದಲ್ಲಿಯೇ ಕೆಂಪಾಗಿ, ಬಿರಿದು, ನೀರಾಗಿ ಇಳಿಯಿತು, ಊರ ಕುರಿಗಳನ್ನು ಬಿಡಿಸಿದೆವು. ಆ ಎರಡು ಎಕರೆಯ ದುರಾಸೆ ನಮ್ಮದೇ, ಅದರಲ್ಲೂ ನನ್ನದೇ ಎಂಬುದನ್ನು ಗುಂಪಿನ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಮೈದುನ ಇವತ್ತಿನವರೆಗೆ ಒಂದು ಮಾತೂ ಎತ್ತಿ ಆಡಿಲ್ಲ.

ನನಗೆ ಇನ್ನೂ ನಾಚಿಕೆಯಾಗುವುದು ಏಕೆಂದರೆ, ಆಯ್ದಕ್ಕಿ ಲಕ್ಕಮ್ಮನ ವಚನವನ್ನು ಪ್ರತಿ ವರ್ಷ ಹತ್ತನೆಯ ತರಗತಿಯವರಿಗೆ ಕಣ್ಣರಳಿಸಿ ಹೇಳುತ್ತಿದ್ದವಳು ನಾನೇ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುತ್ತಿದ್ದ, ಅದರಿಂದ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲಕ್ಕೆ ಬಿದ್ದದ್ದು. ಇದರಲ್ಲಿ ತಪ್ಪೇನು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು, ನ್ಯಾಯವಾದ ಪ್ರಶ್ನೆ. ಲಕ್ಕಮ್ಮ ಆಸೆ ಅರಸರಿಗಿರಲಿ, ಶಿವಭಕ್ತರಿಗೇಕೆ ಎಂದು ಕೇಳಿ, ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಮರಳಿ ಕಳಿಸುತ್ತಾಳೆ. ಅಕ್ಕಿ ಹೇಗೆ ಬಂತು ಎಂಬುದಕ್ಕಿಂತ ಇವತ್ತಿಗೆ ಎಷ್ಟು ಬೇಕಿತ್ತು ಎಂಬುದು ಅವಳ ಲೆಕ್ಕ. ಪುರಂದರದಾಸರ ಕಥೆಯಲ್ಲಿಯೂ, ಅವರು ಇನ್ನೂ ಶ್ರೀನಿವಾಸ ನಾಯಕನೆಂಬ ಜಿಪುಣ ಸಾಹುಕಾರನಾಗಿದ್ದಾಗ, ಬಾಗಿಲಿಗೆ ಬಂದ ಮುದುಕನಿಗೆ ಮೂಗುತಿ ಬಿಚ್ಚಿಕೊಟ್ಟವಳು ಹೆಂಡತಿ. ಸಾಕೆಂಬ ಮಾತು ನಮ್ಮ ಕಥೆಗಳಲ್ಲಿ ಹೆಚ್ಚಾಗಿ ಅಡುಗೆಮನೆಯ ಕಡೆಯಿಂದ ಬರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ತಿರುವುಮುರುವಾಯಿತು.

ಜೈನರ ಲೆಕ್ಕ ಇನ್ನೂ ಸೂಕ್ಷ್ಮ. ಆತ್ಮ ಏರಬೇಕಾದ ಹದಿನಾಲ್ಕು ಗುಣಸ್ಥಾನಗಳನ್ನು ಹೇಳುತ್ತಾರೆ. ಕ್ರೋಧ, ಮಾನ, ಮಾಯೆಗಳೆಲ್ಲ ಅಡಗಿದ ಮೇಲೂ ಹತ್ತನೆಯ ಮೆಟ್ಟಿಲಿನಲ್ಲಿ ಸೂಕ್ಷ್ಮವಾದ ಲೋಭವೊಂದು ಉಳಿದಿರುತ್ತದೆಯಂತೆ. ಅಷ್ಟು ಎತ್ತರ ಏರಿದವನಿಗೂ ಕೊನೆಗೆ ಅಂಟಿಕೊಂಡಿರುವುದು ಅದೇ ಎಂದ ಮೇಲೆ, ಧರ್ಮ ಲೋಭವನ್ನು ಬರಿದೆ ಬೈಯುತ್ತದೆ ಎಂದು ನೀನು ಬರೆಯಬಾರದು, ಅದರ ಸ್ವಭಾವವನ್ನು ಹತ್ತಿರದಿಂದ ಕಂಡಿದೆ ಎನ್ನಬೇಕು. ಹಾಗೆಂದು ದೇವಸ್ಥಾನಕ್ಕೆ ಹೋಗುವ ನಾವೇನೂ ಸಂನ್ಯಾಸಿಗಳಲ್ಲ. ಸೈಟು ಕೊಡಿಸಿದರೆ ಬೆಳ್ಳಿ ಕಣ್ಣು ಮಾಡಿಸುತ್ತೇನೆ ಎಂಬ ಹರಕೆ ಕೇಳಿದರೆ ಮಂಡಿಯ ದಲ್ಲಾಳಿಯೂ ತಲೆತಗ್ಗಿಸಬೇಕು.

ಈಗ ಸಿನಿಮಾದ ಮಾತು. ಕೋಲಾರದ ಹುಡುಗ ದುರಾಸೆಯನ್ನು ಕುರಿತು ಬರೆಯುತ್ತಾ ಕೆಜಿಎಫ್ ಬಿಟ್ಟರೆ ಆಗುತ್ತದೆಯೇ? 2018ರಲ್ಲಿ ಮೊದಲ ಭಾಗ ಬಂದಾಗ ನೀನು ಎರಡು ಸಲ ನೋಡಿದ್ದೆ, ನನಗೆ ಗೊತ್ತು. ತಾಯಿಗೆ ಕೊಟ್ಟ ಮಾತಿಗಾಗಿ ಜಗತ್ತಿನ ಚಿನ್ನವನ್ನೆಲ್ಲ ಬಾಚಿಕೊಳ್ಳುವ ನಾಯಕನಿಗೆ ಜನ ಸಿಳ್ಳೆ ಹಾಕಿದರು. ಆದರೆ ಎರಡನೆಯ ಭಾಗದ ಕೊನೆಯಲ್ಲಿ ಆ ಚಿನ್ನ ಎಲ್ಲಿಗೆ ಹೋಗುತ್ತದೆ? ನಾಯಕನ ಸಮೇತ ಕಡಲಿನ ತಳಕ್ಕೆ. ಕುರಾನಿನಲ್ಲಿ ಕಾರೂನ್ ಎಂಬ ಸಿರಿವಂತನ ಪ್ರಸಂಗವಿದೆ, ಅವನ ಭಂಡಾರದ ಬೀಗದ ಕೈಗಳನ್ನು ಹೊರಲು ಬಲವಂತರ ಗುಂಪೇ ಬೇಕಾಗಿತ್ತು, ಅವನನ್ನೂ ಅವನ ಮನೆಯನ್ನೂ ಭೂಮಿ ನುಂಗಿತು. ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕಥೆಯಲ್ಲಿ, ಸೂರ್ಯ ಮುಳುಗುವುದರೊಳಗೆ ಸುತ್ತಿ ಬಂದಷ್ಟು ನೆಲ ನಿನ್ನದೆಂದಾಗ ಓಡಿ ಓಡಿ ಸತ್ತ ರೈತನಿಗೆ ಸಿಕ್ಕದ್ದು ಮಲಗುವಷ್ಟು ಮಣ್ಣು. ಮೂರು ಗಂಟೆ ನಮ್ಮ ಆಸೆಗೆ ತುಪ್ಪ ಸುರಿದ ಸಿನಿಮಾ ಕೂಡ ಮುಗಿಸುವಾಗ ಹಳೆಯ ಕಥೆಗಳ ದಾರಿಯನ್ನೇ ಹಿಡಿಯುತ್ತದೆ. ಕಥೆಗೆ ಕೊನೆ ಬೇಕೇ ಬೇಕು, ಅದಕ್ಕೇ ಅದು ಲೋಭದ ಜೊತೆ ಬಹಳ ದೂರ ನಡೆಯಲಾರದು.

ನಿಜವಾದ ಕೆಜಿಎಫ್‌ನ, ಅಂದರೆ ಕೋಲಾರದ ಚಿನ್ನದ ಗಣಿಯ, ಕಥೆ ಹಾಗಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಳಿದಾಗಿನಿಂದ 2001ರ ಫೆಬ್ರವರಿ 28ರಂದು ಬಾಗಿಲು ಹಾಕುವವರೆಗೆ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಸುರಂಗ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು. ನಮ್ಮ ತಂದೆ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತರು. ಕೆಳಗೆ ಹೋದವನ ಟೋಕನ್ನು ಹಲಗೆಯಿಂದ ಹೊರಡುವುದು, ಸಂಜೆ ಅದೇ ಮೊಳೆಗೆ ಮರಳುವುದು, ಅದನ್ನು ನೋಡಿಕೊಳ್ಳುವುದೇ ಅವರ ಉದ್ಯೋಗ. ರಾಕ್ ಬರ್ಸ್ಟ್ ಆಗಿ ಸುರಂಗದ ಬಂಡೆ ಸಿಡಿದ ದಿನ ಖಾಲಿ ಉಳಿದ ಮೊಳೆಗಳನ್ನು ಎಣಿಸಿ ಬಂದವರು ಊಟ ಮಾಡುತ್ತಿರಲಿಲ್ಲ. ಅಷ್ಟು ಚಿನ್ನ ಹೊರಟ ಊರಿನಲ್ಲಿ ನಮ್ಮಮ್ಮನ ಕೊರಳಲ್ಲಿ ಇದ್ದದ್ದು ಒಂದೆಳೆ ಕರಿಮಣಿ, ಎರಡು ಗುಂಡು. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ ಮೂರ್ನಾಲ್ಕು ಗ್ರಾಂ ಸಿಗುತ್ತಿತ್ತು, ಖರ್ಚು ಅದಕ್ಕಿಂತ ಹೆಚ್ಚಾಯಿತು, ಮುಚ್ಚಿದರು. ಅಲ್ಲಿ ಸಾಕೆಂದು ಹೇಳಲು ಯಾವ ಲಕ್ಕಮ್ಮನೂ ಇರಲಿಲ್ಲ, ನಷ್ಟದ ಲೆಕ್ಕವೇ ಹೇಳಿತು. ಉಳಿದದ್ದು ಸೈನೈಡ್ ಗುಡ್ಡಗಳು, ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ರಾಶಿಗಳು. ಗಾಳಿಕಾಲ ಬಂದರೆ ಆ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ, ಸಿನಿಮಾದವರು ಸೆಟ್ಟು ಹಾಕಿದ್ದೂ ಆ ಗುಡ್ಡಗಳ ಮೇಲೆಯೇ.

ನಿನ್ನ ಫೋನಿನ ಆಟಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ, ಆಡಿದವನು ನೀನು. ನೋಡಿದಷ್ಟರಲ್ಲಿ ಹೇಳುವುದಾದರೆ, ಅವುಗಳಲ್ಲಿ ನಡುಮನೆಯೇ ಇಲ್ಲ. ಒಂದು ಹಂತ ಮುಗಿದರೆ ಇನ್ನೊಂದು, ನಾಳೆ ಬಂದರೆ ನಾಣ್ಯ, ಬರದಿದ್ದರೆ ನಷ್ಟ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗೆ ದುಡ್ಡು. ಬೆಲ್ಜಿಯಂ ದೇಶ 2018ರಲ್ಲಿಯೇ ಅಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ನಮ್ಮಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ದುಡ್ಡಿಲ್ಲದ ಆಟದಲ್ಲಿಯೂ ರಾತ್ರಿ ಎರಡು ಗಂಟೆಯವರೆಗೆ ನಿನ್ನ ಕೋಣೆಯ ದೀಪ ಉರಿಯುತ್ತದೆಂದು ನಿನ್ನ ಅಮ್ಮ ಹೇಳುತ್ತಾಳೆ, ಅದಕ್ಕೆ ಯಾವ ಕಾಯ್ದೆ ಎಂಬುದನ್ನು ನೀನೇ ಯೋಚಿಸಿ ಬರೆ.

ಪ್ರಬಂಧ ಶುರುಮಾಡಲು ಭಗವದ್ಗೀತೆಯ ಶ್ಲೋಕ ಹುಡುಕಬೇಡ, ನಮ್ಮ ಮೊಮ್ಮಗನ ಚೀಟಿಯಿಂದ ಶುರುಮಾಡು. ಅದು ಈಗಲೂ ಬಿಸಿನೆಸ್ ಆಟದ ಡಬ್ಬಿಯಲ್ಲಿಯೇ ಇದೆ. ‘ತಂಗಿ ಕೊಡಬೇಕಾದದ್ದು 4,500’ ಎಂದು ಬರೆದು, ಕೆಳಗೆ ಅವಳ ಕೈಯಲ್ಲಿ ವಕ್ರವಕ್ರವಾದ ರುಜು ಹಾಕಿಸಿದ್ದಾನೆ. ಹೋದ ಭಾನುವಾರ ಫೋನು ಮಾಡಿದವನು ಹಬ್ಬಕ್ಕೆ ಬರುತ್ತೇನೆಂದು ಹೇಳಿದ ಮೇಲೆ ದನಿ ತಗ್ಗಿಸಿ, ‘ಅಜ್ಜಿ, ಆ ಚೀಟಿ ಎಸೆದಿಲ್ಲ ತಾನೇ?’ ಎಂದು ಕೇಳಿದ.