ಅಪ್‌ಡೇಟ್: ಬೆಕ್ಕಿನ ಆಸ್ಪತ್ರೆ ಬಿಲ್ಲಿನ ದುಡ್ಡು ಬಂತು

ಪರಿಚಯದವರು ಪ್ರವಾಸ ಹೋದಾಗ ಅವರ ಮನೆ, ಬೆಕ್ಕು ನೋಡಿಕೊಂಡಿದ್ದೆ, ಅದಕ್ಕೆ ಹುಷಾರು ತಪ್ಪಿ ನಾನು ಕಟ್ಟಿದ ಆಸ್ಪತ್ರೆ ಬಿಲ್ಲನ್ನು ಅವರು ಕೊಡಲ್ಲ ಅಂತಿದ್ದಾರೆ ಅಂತ ಕೇಳಿದ್ದೆನಲ್ಲ, ಆ ದುಡ್ಡು ಬಂತು. "ನಮ್ಮನ್ನ ಕೇಳದೆ ಯಾಕೆ ಕರೆದುಕೊಂಡು ಹೋದ್ರಿ" ಅನ್ನೋದೇ ಅವರ ವಾದ. ಪಾಪ, ಮರಳಿನ ಡಬ್ಬಿಯಲ್ಲಿ ಕೂತು ತಿಣುಕುತ್ತಿತ್ತು, ಒಂದು ಹನಿ ಮೂತ್ರವೂ ಬರುತ್ತಿರಲಿಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಫೋನ್ ಎತ್ತದವರಿಗಾಗಿ ಸುಮ್ನೆ ಕಾಯೋಕಾಗುತ್ತಾ?

ಜಗಳ ಆಡಲಿಲ್ಲ. ಬಿಲ್, ಡಾಕ್ಟರ್ ಚೀಟಿ, ಅವತ್ತು ನಾನು ಮಾಡಿದ ಕಾಲ್‌ಗಳ ಸ್ಕ್ರೀನ್‌ಶಾಟ್ ಎಲ್ಲ ಒಟ್ಟಿಗೆ ಕಳಿಸಿದೆ. ಮಾರನೇ ದಿನ ಪೂರ್ತಿ ಹಣ ಹಾಕಿದರು, ಒಂದು ಮಾತೂ ಇಲ್ಲ. ಬೇಜಾರಾಯಿತು, ನಿಜ. ಮುಂದೆ ಯಾರೇ ಕೇಳಲಿ, ತುರ್ತು ಖರ್ಚು ಎಷ್ಟರವರೆಗೆ ಮಾಡಬಹುದು ಅಂತ ಮೆಸೇಜ್‌ನಲ್ಲಿ ಬರೆಸಿಕೊಂಡು, ಮುಂಗಡ ಪಡೆದ ಮೇಲೇ ಕೀ ತಗೊಳ್ಳೋದು. ಬೆಕ್ಕು ಆರಾಮಾಗಿದೆಯಂತೆ.